ಮನೆಯವರೂ ಬೇಕು, ವಿಶ್ವಾಸವೂ ಬೇಕು: ಅನುಭವವಿದ್ದವರು ಹೇಳಿ

ಪ್ರಶ್ನೆ

ದಾವಣಗೆರೆ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಸಹಕಾರ ಸಂಘದ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ನಾನೂ ನನ್ನ ಯಜಮಾನರೂ 2019ರಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದೆವು. ಎರಡೂ ಕಡೆಯ ಬಂಧುಬಳಗದಲ್ಲಿ ವಿಶ್ವಾಸಿಗಳು ನಾವಿಬ್ಬರೇ. ಮೊದಮೊದಲು ಸುಮ್ಮನಿದ್ದವರು ಈಗ ಮಾತೆತ್ತಿದರೆ ‘ಎಷ್ಟು ಕೊಟ್ಟರು?’ ಎನ್ನುತ್ತಾರೆ. ಆಯುಧಪೂಜೆಯ ದಿನ ಕಚೇರಿಯ ಕಂಪ್ಯೂಟರಿಗೆ, ಬೀರುವಿಗೆ ನಾನೇ ಆರತಿ ಎತ್ತಬೇಕೆಂದು ಈ ಸಲ ಒತ್ತಾಯ ಶುರುವಾಗಿದೆ. ವಾರಕ್ಕೊಮ್ಮೆ ನಮ್ಮ ಬಾಡಿಗೆ ಮನೆಯಲ್ಲಿ ನಾಲ್ಕು ಕುಟುಂಬದವರು ಸೇರಿ ಪ್ರಾರ್ಥಿಸುತ್ತೇವೆ. ಅದನ್ನು ನಿಲ್ಲಿಸಿ, ಇಲ್ಲವೇ ಮನೆ ಖಾಲಿ ಮಾಡಿ ಎಂದು ಮಾಲೀಕರು ಹೇಳಿದ್ದಾರೆ. ಎಲ್ಲಕ್ಕಿಂತ ದೊಡ್ಡ ಚಿಂತೆ ಮಾವನವರದು. ಅವರು ಹಾಸಿಗೆ ಹಿಡಿದಿದ್ದಾರೆ, ನನ್ನ ಯಜಮಾನರು ಹಿರಿಯ ಮಗ. ನಾಳೆ ಕ್ರಿಯಾಕರ್ಮ ಮಾಡುವವರು ಯಾರು ಎಂಬ ಮಾತು ಚಿಕ್ಕಮಾವಂದಿರ ನಡುವೆ ಈಗಲೇ ಎದ್ದಿದೆ. ಯಾರೊಂದಿಗೂ ಜಗಳ ಬೇಡ; ಕರ್ತನಾದ ಯೇಸುವನ್ನು ಬಿಡುವುದೂ ಸಾಧ್ಯವಿಲ್ಲ. ಈ ದಾರಿ ನಡೆದವರು ದಯವಿಟ್ಟು ಹೇಳಿ.

ಹಾಸನದ ಕಡೆಯ ನಿವೃತ್ತ ಶಿಕ್ಷಕಿ

ತಂಗಿ, ಆಯುಧಪೂಜೆಯ ವಿಷಯ ನನಗೆ ಚೆನ್ನಾಗಿ ಗೊತ್ತು. ಸರ್ಕಾರಿ ಶಾಲೆಯಲ್ಲಿ ನಿವೃತ್ತಿಯವರೆಗೂ ಪ್ರತಿ ದಸರೆಗೆ ಇದೇ ಪ್ರಶ್ನೆ ಎದುರಾಗುತ್ತಿತ್ತು. ಪೂಜೆಯ ದಿನ ತಟ್ಟೆ ಕೈಗೆ ಬಂದ ಮೇಲೆ ‘ಬೇಡ’ ಎಂದರೆ ಅದು ಎಲ್ಲರೆದುರು ಮಾಡಿದ ಅವಮಾನವಾಗುತ್ತದೆ. ಹದಿನೈದು ದಿನ ಮೊದಲು, ಮುಖ್ಯೋಪಾಧ್ಯಾಯರು ಒಬ್ಬರೇ ಕುಳಿತಿದ್ದಾಗ ಹೋಗಿ ಹೇಳಿದರೆ ಅದೇ ಮಾತು ವಿನಂತಿಯಾಗುತ್ತದೆ. ನಾನು ಹೇಳುತ್ತಿದ್ದುದು ಇಷ್ಟೇ: ‘ಸಾರ್, ಆರತಿ ಎತ್ತುವುದು, ಕುಂಕುಮ ಹಚ್ಚುವುದು ನನ್ನ ಮನಸ್ಸಾಕ್ಷಿಗೆ ಆಗದು. ಬೇರೆ ಯಾವ ಕೆಲಸವನ್ನಾದರೂ ಕೊಡಿ.’ ಕೊಟ್ಟದ್ದನ್ನು ಮನಸ್ಸಿಟ್ಟು ಮಾಡುತ್ತಿದ್ದೆ. ಹಿಂದಿನ ದಿನ ಸಂಜೆ ಮಕ್ಕಳೊಂದಿಗೆ ಬೆಂಚುಗಳನ್ನೆಲ್ಲ ಹೊರಗಿಟ್ಟು ತೊಳೆಯುವುದು, ಪ್ರಯೋಗಾಲಯದ ಗಾಜಿನ ಸಾಮಾನು ಒರೆಸುವುದು, ಜೇಡರ ಬಲೆ ತೆಗೆಯುವುದು ನನ್ನ ಪಾಲು. ಪೂಜೆಯ ಹೊತ್ತಿಗೆ ಚಿಕ್ಕ ತರಗತಿಯ ಮಕ್ಕಳನ್ನು ಜಗಲಿಯಲ್ಲಿ ಸಾಲಾಗಿ ಕೂರಿಸಿಕೊಂಡು ನೋಡಿಕೊಳ್ಳುತ್ತಿದ್ದೆ. ಗೈರುಹಾಜರಿ ಹಾಕಲಿಲ್ಲ, ತಲೆನೋವಿನ ನೆಪ ಹೇಳಲಿಲ್ಲ. ಸುಳ್ಳು ನೆಪ ಹೇಳಿದರೆ ಮುಂದಿನ ವರ್ಷವೂ ಅದೇ ಸುಳ್ಳು ಬೇಕಾಗುತ್ತದೆ.

ಮಂಡಕ್ಕಿ, ಕಡಲೆ, ಬೆಲ್ಲದ ಪೊಟ್ಟಣ ಕೊಟ್ಟರೆ ಏನು ಮಾಡುವುದು ಎಂದು ನೀವು ಕೇಳಿಲ್ಲ, ಆದರೆ ಕೇಳುವ ದಿನ ಬರುತ್ತದೆ. ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಹತ್ತನೆಯ ಅಧ್ಯಾಯ ಓದಿ. ಊಟಕ್ಕೆ ಕರೆದವರ ಮನೆಯಲ್ಲಿ ಬಡಿಸಿದ್ದನ್ನು ವಿಚಾರಣೆ ಮಾಡದೆ ತಿನ್ನಬಹುದು. ಇದು ನೈವೇದ್ಯ ಎಂದು ಯಾರಾದರೂ ತಿಳಿಸಿದರೆ ಅವರ ಮನಸ್ಸಾಕ್ಷಿಯ ನಿಮಿತ್ತ ತಿನ್ನಬಾರದು ಎನ್ನುತ್ತಾನೆ. ನಾನು ಅದನ್ನೇ ಹಿಡಿದು ನಡೆದೆ. ಪ್ರಸಾದವೆಂದು ಕೊಟ್ಟದ್ದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಅದನ್ನು ಗೌರವಿಸುವ ಆಯಾಳಿಗೆ ಕೊಡುತ್ತಿದ್ದೆ. ಮೂಲೆಗೆ ಎಸೆದವಳಲ್ಲ.

ಕೋಲಾರ ಜಿಲ್ಲೆಯ ಸಭಾಪಾಲಕರು (ಪಾಸ್ಟರ್)

ಅಕ್ಕನವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಅದನ್ನೇ ಎಲ್ಲರಿಗೂ ಅಳತೆಗೋಲು ಮಾಡಬೇಡಿ. ಕೆಲವರು ಪೂಜೆಯ ಕೋಣೆಯೊಳಗೆ ಕಾಲಿಡುವುದೇ ಇಲ್ಲ, ಅವರನ್ನು ಹಠಮಾರಿಗಳೆನ್ನಲಾರೆ. ಕೆಲವರು ಕೆಲಸದ ನಿಮಿತ್ತ ಒಳಗೆ ನಿಲ್ಲಲೇಬೇಕಾಗುತ್ತದೆ, ಅವರನ್ನು ದ್ರೋಹಿಗಳೆನ್ನಲಾರೆ. ಅರಾಮ್ಯರ ಸೇನಾಪತಿ ನಾಮಾನನು ಕುಷ್ಠ ವಾಸಿಯಾದ ಮೇಲೆ ಪ್ರವಾದಿ ಎಲೀಷನ ಮುಂದೆ ಒಂದು ಸಂಕಟ ತೋಡಿಕೊಂಡನು. ಅರಸನು ತಮ್ಮ ದೇವರಾದ ರಿಮ್ಮೋನನ ಗುಡಿಯಲ್ಲಿ ತನ್ನ ಕೈಯ ಮೇಲೆ ಒರಗಿ ಬಾಗುವಾಗ ತಾನೂ ಬಾಗಬೇಕಾಗುತ್ತದೆ, ಅದನ್ನು ಯೆಹೋವನು ಕ್ಷಮಿಸಲಿ ಎಂದನು. ಪ್ರವಾದಿ ಅವನನ್ನು ಗದರಲಿಲ್ಲ, ಸಮಾಧಾನದಿಂದ ಹೋಗೆಂದು ಕಳುಹಿಸಿದನು. ಅದೇ ಸತ್ಯವೇದದಲ್ಲಿ ದಾನಿಯೇಲನು ಪ್ರಾರ್ಥಿಸಿದರೆ ಸಿಂಹಗಳ ಗವಿಗೆ ಬೀಳುವುದು ಗೊತ್ತಿದ್ದೂ ಪ್ರಾರ್ಥಿಸುವಾಗ ಕಿಟಕಿ ಮುಚ್ಚಲಿಲ್ಲ. ಹೊಸ ವಿಶ್ವಾಸಿಗಳನ್ನು ದಾನಿಯೇಲನ ಕಥೆಯೊಂದರಿಂದಲೇ ಅಳೆಯುವ ಬೋಧಕರು ನಾಮಾನನ ಕಥೆಯನ್ನೂ ಅದೇ ಪೀಠದಿಂದ ಓದಬೇಕು.

ಇನ್ನೊಂದು ಮಾತು. ನಮ್ಮ ಸಭೆಯಲ್ಲಿ ಕಟ್ಟುನಿಟ್ಟಾದ ನಿಯಮವಿದೆ: ಬೇರೆಯವರ ದೇವರನ್ನು ಹೀಯಾಳಿಸುವ ಸಾಕ್ಷಿಗೆ, ಹಾಡಿಗೆ, ಕರಪತ್ರಕ್ಕೆ ಜಾಗವಿಲ್ಲ. ಯೇಸುವಿನ ಶಿಷ್ಯ ಪೇತ್ರನು ತನ್ನ ಮೊದಲ ಪತ್ರದಲ್ಲಿ ನಿಮ್ಮ ನಿರೀಕ್ಷೆಗೆ ಆಧಾರವೇನೆಂದು ಕೇಳಿದವರಿಗೆ ಉತ್ತರ ಕೊಡಲು ಸಿದ್ಧರಾಗಿರಿ ಎಂದವನು ಅದನ್ನು ಸಾತ್ವಿಕತೆಯಿಂದಲೂ ಗೌರವದಿಂದಲೂ ಹೇಳಬೇಕೆಂದನು. ಊರಿನವರ ಸಿಟ್ಟಿನಲ್ಲಿ ಅನ್ಯಾಯದ ಪಾಲು ದೊಡ್ಡದು. ಆದರೂ ನಮ್ಮವರ ಒರಟು ಮಾತಿನಿಂದ ನೊಂದವರನ್ನು ಕಂಡಿದ್ದೇನೆ, ಅವರ ನೋವನ್ನು ಹಿಂಸೆಯ ಲೆಕ್ಕಕ್ಕೆ ಸೇರಿಸಿಬಿಡುವುದು ನ್ಯಾಯವಲ್ಲ.

ಧಾರವಾಡದ ವಕೀಲರು

ಮನೆಯ ಪ್ರಾರ್ಥನೆಯ ಬಗ್ಗೆ. ಸಂವಿಧಾನದ 25ನೆಯ ವಿಧಿ ನಿಮ್ಮ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಕೊಟ್ಟಿದೆ. ಅದರ ಜೊತೆಗೆ 2022ರ ಕರ್ನಾಟಕದ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆಯನ್ನೂ ತಿಳಿದಿರಬೇಕು. ಬಲವಂತ, ವಂಚನೆ, ಆಮಿಷದಿಂದ ಮತಾಂತರಿಸುವುದನ್ನು ಅದು ಅಪರಾಧವೆನ್ನುತ್ತದೆ. ಆಮಿಷದ ವ್ಯಾಖ್ಯೆಯಲ್ಲಿ ಉಡುಗೊರೆ, ಹಣ, ಉದ್ಯೋಗ, ಉಚಿತ ಶಿಕ್ಷಣ ಎಲ್ಲವೂ ಬರುತ್ತವೆ. ಜಾಮೀನು ರಹಿತ ಅಪರಾಧ. ದೂರನ್ನು ಬಂಧುಗಳಷ್ಟೇ ಅಲ್ಲ, ಸಹೋದ್ಯೋಗಿಯೂ ಕೊಡಬಹುದು. ಬಲವಂತ ಮಾಡಿಲ್ಲವೆಂದು ತೋರಿಸುವ ಹೊಣೆ ಆರೋಪಿಯ ಮೇಲಿದೆ. ಮತಾಂತರಕ್ಕೆ 30 ದಿನ ಮೊದಲು ಜಿಲ್ಲಾ ದಂಡಾಧಿಕಾರಿಗೆ ಘೋಷಣೆ ಸಲ್ಲಿಸಬೇಕು. ನಿಮ್ಮ ದೀಕ್ಷಾಸ್ನಾನ ಈ ಕಾಯ್ದೆಗಿಂತ ಹಿಂದಿನದು; ಸಭೆಯ ದಾಖಲೆ ಪುಸ್ತಕದ ನಕಲನ್ನು ಜೋಪಾನವಾಗಿಡಿ. 2023ರ ಜೂನ್‌ನಲ್ಲಿ ಸಚಿವ ಸಂಪುಟ ಕಾಯ್ದೆಯ ರದ್ದತಿಗೆ ತೀರ್ಮಾನಿಸಿತು, ಆದರೆ ಸಂಪುಟದ ತೀರ್ಮಾನದಿಂದಲೇ ಕಾಯ್ದೆ ಇಲ್ಲವಾಗುವುದಿಲ್ಲ. ಅದಕ್ಕೆ ಶಾಸನಸಭೆಯ ಒಪ್ಪಿಗೆ ಬೇಕು.

ಹಾಗಾಗಿ ಪ್ರಾರ್ಥನೆಗೆ ಬಂದ ಬಡ ನೆರೆಯವರಿಗೆ ಅಕ್ಕಿಯನ್ನೋ ಸೀರೆಯನ್ನೋ ಅಲ್ಲೇ ಕೊಡಬೇಡಿ. ಸಹಾಯ ಮಾಡಬೇಕೆನಿಸಿದರೆ ಪ್ರಾರ್ಥನೆಗೆ ಬಾರದವರಿಗೂ ಮಾಡಿ, ಬೇರೆ ದಿನ ಮಾಡಿ. ಧ್ವನಿವರ್ಧಕ ಬೇಡ. ಮಾಲೀಕರನ್ನು ಒಮ್ಮೆ ಕರೆದು ಪಕ್ಕದಲ್ಲೇ ಕೂರಿಸಿಕೊಳ್ಳಿ. ಒಳಗೆ ನಡೆಯುವುದು ಹಾಡು, ಓದು, ಪ್ರಾರ್ಥನೆ ಎಂದು ಕಣ್ಣಾರೆ ನೋಡಲಿ. ನಾಲ್ಕೂ ಮನೆಗಳಲ್ಲಿ ಸರದಿಯ ಮೇಲೆ ಸೇರಿದರೆ ಒಬ್ಬರ ಮೇಲೆಯೇ ಭಾರ ಬೀಳುವುದಿಲ್ಲ. ಗುಂಪು ಬಾಗಿಲಿಗೆ ಬಂದರೆ ವಾದಕ್ಕೆ ನಿಲ್ಲಬೇಡಿ, 112ಕ್ಕೆ ಕರೆ ಮಾಡಿ. ಠಾಣೆಯಲ್ಲಿ ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಆಸ್ತಿಯ ಮಾತೂ ಏಳುತ್ತದೆ, ಈಗಲೇ ಹೇಳಿಬಿಡುತ್ತೇನೆ. ಮತ ಬದಲಿಸಿದ ಮಾತ್ರಕ್ಕೆ ನಿಮ್ಮ ಯಜಮಾನರ ಉತ್ತರಾಧಿಕಾರ ಹೋಗುವುದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 26ನೆಯ ಕಲಂ ತಡೆಯುವುದು ಮತಾಂತರದ ನಂತರ ಹುಟ್ಟಿದ ಮಕ್ಕಳನ್ನು. ಅವರು ಹಿಂದೂ ಬಂಧುಗಳ ಆಸ್ತಿಗೆ ನೇರವಾಗಿ ಉತ್ತರಾಧಿಕಾರಿಗಳಾಗಲಾರರು. ‘ಕೊಳ್ಳಿ ಇಡದವನಿಗೆ ಪಾಲಿಲ್ಲ’ ಎನ್ನುವುದು ಪಂಚಾಯಿತಿ ಕಟ್ಟೆಯ ಮಾತು, ಕಾನೂನಲ್ಲ.

ಮಂಡ್ಯ ಜಿಲ್ಲೆಯ ರೈತರು

ನಾನೂ ಮನೆಯ ಹಿರಿಯ ಮಗ, ಮೊದಲ ತಲೆಮಾರಿನ ವಿಶ್ವಾಸಿ. ನಮ್ಮಲ್ಲಿ ಸುಡುವ ಪದ್ಧತಿ. ತಂದೆಯವರು ಇನ್ನೂ ಗಟ್ಟಿಯಾಗಿದ್ದಾಗಲೇ ತಮ್ಮನನ್ನು ಗದ್ದೆಯ ಬದುವಿನ ಮೇಲೆ ಕೂರಿಸಿಕೊಂಡು ಹೇಳಿದ್ದೆ: ‘ಅಪ್ಪನಿಗೆ ನಾನು ಏನೆಲ್ಲ ಮಾಡುತ್ತೇನೆ, ಏನು ಮಾಡಲಾರೆ ಎಂದು ಈಗಲೇ ತಿಳಿದುಕೊ. ಆ ದಿನ ನೀನು ನನ್ನ ಮುಖ ನೋಡುವಂತಾಗಬಾರದು.’ ಅವನು ಎದ್ದು ಹೋದ. ಬಹಳ ದಿನ ಸರಿಯಾಗಿ ಮಾತನಾಡಲಿಲ್ಲ. ಆದರೂ ಆ ಮಾತು ಅವನ ತಲೆಯಲ್ಲಿ ಉಳಿದಿತ್ತು.

ಅಪ್ಪ ತೀರಿಕೊಂಡ ರಾತ್ರಿ ಹೆಣಕ್ಕೆ ನೀರು ಹಾಕಿದ್ದು ನಾನು. ಬಿದಿರು ಕಡಿದು ಚಟ್ಟ ಕಟ್ಟಿದವರಲ್ಲಿ ನಾನೂ ಒಬ್ಬ. ಮುಂದಿನ ಬಲಭಾಗಕ್ಕೆ ಹೆಗಲು ಕೊಟ್ಟು ಹೊಲದವರೆಗೆ ಬದಲಿಸದೆ ಹೊತ್ತೆ. ಕೊಳ್ಳಿ ಇಡುವ ಹೊತ್ತಿಗೆ ದೊಡ್ಡಪ್ಪ ಎಲ್ಲರಿಗೂ ಕೇಳುವಂತೆ ‘ಹೆತ್ತವನಿಗೇ ಆಗದವನು’ ಎಂದು ಕೂಗಿದರು. ತಮ್ಮ ಏನೂ ಹೇಳದೆ ಮಡಕೆ ತನ್ನ ಹೆಗಲಿಗೆ ತೆಗೆದುಕೊಂಡ. ನಾನು ಸೌದೆಯ ಪಕ್ಕದಲ್ಲಿ ಕೈಕಟ್ಟಿ ನಿಂತು ಕಡೆಯವರೆಗೂ ಇದ್ದೆ. ತಲೆ ಬೋಳಿಸಲಿಲ್ಲ, ಪಿಂಡಕ್ಕೆ ಕೂರಲಿಲ್ಲ. ಹನ್ನೊಂದನೆಯ ದಿನದ ಅಡುಗೆಯ ಖರ್ಚು ನನ್ನದು. ಒಲೆಯ ಮುಂದೆ ನಿಂತವನೂ ನಾನೇ. ಊಟವಾದ ಮೇಲೆ ಕೊಳಗ, ಕಡಾಯಿಗಳನ್ನು ಕೊಳವೆಬಾವಿಯ ಬಳಿ ಹಾಕಿಕೊಂಡು ನಾನೂ ನನ್ನ ಹೆಂಡತಿಯೂ ತಿಕ್ಕುತ್ತಿದ್ದಾಗ ದೊಡ್ಡಮ್ಮ ಬಂದು ಬೂದಿಯ ಬಟ್ಟಲು ಇಟ್ಟು ಪಕ್ಕದಲ್ಲೇ ಕುಳಿತರು. ದೊಡ್ಡಪ್ಪನ ಸಿಟ್ಟು ಇಂದಿಗೂ ಇಳಿದಿಲ್ಲ. ನಮ್ಮ ಮಗಳ ಮದುವೆಗೆ ಅವರು ಬರಲಿಲ್ಲ. ಎಲ್ಲರೂ ಒಲಿಯುತ್ತಾರೆಂದು ನಿಮಗೆ ಹೇಳಲಾರೆ, ಅಮ್ಮಾ. ಸಾಧ್ಯವಾದರೆ, ನಿಮ್ಮಿಂದಾಗುವ ಮಟ್ಟಿಗೆ, ಎಲ್ಲರ ಸಂಗಡ ಸಮಾಧಾನದಿಂದಿರಿ ಎಂದು ರೋಮಾಪುರದವರಿಗೆ ಬರೆದ ಪೌಲನು ‘ನಿಮ್ಮಿಂದಾಗುವ ಮಟ್ಟಿಗೆ’ ಎಂದು ಸೇರಿಸಿದ್ದು ನನಗೆ ದೊಡ್ಡ ಆಸರೆಯಾಯಿತು.

ಮಂಗಳೂರಿನ ಕಥೋಲಿಕ ಮಹಿಳೆ

ನಮ್ಮದು ಹಳೆಯ ಕ್ರೈಸ್ತ ಮನೆತನ, ನಿಮ್ಮ ಹಾಗೆ ಬಂಧುಗಳನ್ನು ಎದುರು ಹಾಕಿಕೊಳ್ಳಬೇಕಾದ ಕಷ್ಟ ನಮಗಿಲ್ಲ. ಆದರೆ ಹಗೆತನ ಕಂಡಿಲ್ಲವೆಂದಲ್ಲ. ಟಿಪ್ಪುವಿನ ಕಾಲದಲ್ಲಿ, 1784ರಲ್ಲಿ, ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದರು. ಬದುಕುಳಿದವರು ಮರಳಿದ್ದು 1799ರ ನಂತರ. ನೆಲಸಮವಾಗಿದ್ದ ಮಂಗಳೂರಿನ ಮಿಲಾಗ್ರಿಸ್ ಚರ್ಚನ್ನು ಮತ್ತೆ ಕಟ್ಟಿದರು. ಅದು ಓದಿ ತಿಳಿದದ್ದು. ಕಣ್ಣಾರೆ ಕಂಡದ್ದು 2008. ಸೆಪ್ಟೆಂಬರ್ 8ರಂದು ಮಾತೆ ಮರಿಯಳ ಜನ್ಮದಿನದ ಮೊಂತಿ ಹಬ್ಬ. ಹೊಸ ತೆನೆ ಮನೆಗೆ ತಂದು ಊಟ ಮಾಡಿದ್ದೆವು. ಆರು ದಿನ ಕಳೆದು, 14ರ ಭಾನುವಾರ, ನಗರದ ಅಡೊರೇಶನ್ ಮಠದ ಪ್ರಾರ್ಥನಾಲಯವೂ ಜಿಲ್ಲೆಯ ಬೇರೆ ಪ್ರಾರ್ಥನಾಲಯಗಳೂ ದಾಳಿಗೊಳಗಾದವು. ಅಂದು ರಾತ್ರಿ ಪಕ್ಕದ ಹಿಂದೂ ಮನೆಯ ಅಮ್ಮ ನಮ್ಮ ಮಕ್ಕಳನ್ನು ತಮ್ಮಲ್ಲಿ ಮಲಗಿಸಿಕೊಂಡರು. ಮುಂದಿನ ಭಾನುವಾರ ಚರ್ಚಿನ ಪೂಜೆಯಲ್ಲಿ ಫಾದರ್ ದಾಳಿ ಮಾಡಿದವರಿಗಾಗಿ ಪ್ರಾರ್ಥಿಸಿದಾಗ ನಮ್ಮ ಸಾಲಿನ ಒಬ್ಬರು ಎದ್ದು ಹೊರಗೆ ಹೋದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಆ ಪ್ರಾರ್ಥನೆ ಅಷ್ಟು ಕಷ್ಟದ್ದು.

ಮನೆ ಖಾಲಿ ಮಾಡಬೇಕಾಗಿ ಬಂದರೆ ಸಭೆ ನಿಮ್ಮ ಜೊತೆ ನಿಲ್ಲಬೇಕು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದಾಗ ಕ್ರೈಸ್ತರಾದವರು ಜಾತಿ, ಮನೆ, ಕಸುಬು ಮೂರನ್ನೂ ಕಳೆದುಕೊಂಡರು. ಮಿಷನ್ ನೇಯ್ಗೆ ಶಾಲೆ ತೆರೆದು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದರ ಹಿಂದೆ ಇದೂ ಒಂದು ಮುಖ್ಯ ಕಾರಣ. ದೀಕ್ಷಾಸ್ನಾನ ಕೊಟ್ಟವರು ಬಾಡಿಗೆ ಮನೆ ಹುಡುಕಿಕೊಡಲೂ ಬರಬೇಕು. ಸಂಕೋಚಪಡದೆ ನಿಮ್ಮ ಸಭಾಪಾಲಕರನ್ನು ಕೇಳಿ.

ಬೀದರಿನ ಶುಶ್ರೂಷಕಿ

ನಾನು ಮಾವನವರ ಬಗ್ಗೆ ಮಾತ್ರ ಹೇಳುತ್ತೇನೆ. ಅವರು ಇನ್ನೂ ಬದುಕಿದ್ದಾರೆ. ಎಲ್ಲರೂ ಆಗಲೇ ಸಂಸ್ಕಾರದ ಲೆಕ್ಕ ಹಾಕುತ್ತಿದ್ದಾರೆ. ಅಕ್ಕ, ನೀವಿಬ್ಬರೂ ರಜೆ ಹಾಕಿಯಾದರೂ ಅವರ ಹಾಸಿಗೆಯ ಪಕ್ಕಕ್ಕೆ ಹೋಗಿ. ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿನ ಕೆಳಗೆ, ಹಿಮ್ಮಡಿಗೆ ಹುಣ್ಣಾಗುತ್ತದೆ. ರಾತ್ರಿಯ ಆ ಸರದಿಯನ್ನು ನಿಮ್ಮ ಯಜಮಾನರು ವಹಿಸಿಕೊಳ್ಳಲಿ. ಹಾಸಿಗೆಯ ಬಟ್ಟೆ ಸುಕ್ಕಿಲ್ಲದಂತೆ ಎಳೆದು ಹಾಕಿ, ಒದ್ದೆಯಾದ ಕೂಡಲೇ ಬದಲಿಸಿ. ಉಣಿಸುವಾಗ ತಲೆ, ಬೆನ್ನು ಎತ್ತಿ ಒರಗಿಸಿ, ಇಲ್ಲದಿದ್ದರೆ ಗಂಜಿ ನೆತ್ತಿಗೇರುತ್ತದೆ. ಅವರು ಕೇಳದೆ ಅವರ ಮೇಲೆ ಕೈಯಿಟ್ಟು ಗಟ್ಟಿಯಾಗಿ ಪ್ರಾರ್ಥಿಸಬೇಡಿ. ಹಾಸಿಗೆ ಹಿಡಿದವರು ಎದ್ದು ಹೋಗಲಾರರು, ಬೇಡವೆನ್ನಲೂ ಹಿಂಜರಿಯುತ್ತಾರೆ. ನಿಮ್ಮ ಪ್ರಾರ್ಥನೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ನಡೆಯಲಿ. ಅವರಾಗಿ ‘ನಿನ್ನ ದೇವರಿಗೆ ನನಗಾಗಿ ಹೇಳು’ ಎಂದರೆ ಆಗ ಪಕ್ಕದಲ್ಲಿ ಕುಳಿತು ಮೆಲ್ಲಗೆ ಪ್ರಾರ್ಥಿಸಿ.

ಕ್ರಿಯಾಕರ್ಮದ ಬಗ್ಗೆ ಅವರ ಬೆನ್ನ ಹಿಂದೆ ಎಲ್ಲರೂ ಮಾತನಾಡುತ್ತಿದ್ದಾರೆ, ಅವರನ್ನು ಯಾರೂ ಕೇಳಿಲ್ಲವೆಂದು ಕಾಣುತ್ತದೆ. ಚೇತರಿಕೆ ಇರುವ ಒಂದು ಬೆಳಗ್ಗೆ, ಮೈದುನನೂ ಅತ್ತೆಯವರೂ ಎದುರಿಗಿರುವಾಗ, ನಿಮ್ಮ ಯಜಮಾನರೇ ಕೇಳಲಿ: ‘ಅಪ್ಪಾ, ನಾನು ಇಷ್ಟನ್ನು ಮಾಡುತ್ತೇನೆ, ಇಷ್ಟನ್ನು ಮಾಡಲಾರೆ. ಉಳಿದದ್ದನ್ನು ಯಾರು ಮಾಡಲಿ ಎಂದು ನೀವೇ ಹೇಳಿ.’ ನಮ್ಮ ವಾರ್ಡಿನಲ್ಲಿ ಇಂಥ ಮಾತು ಎಷ್ಟೋ ಸಲ ನಡೆದಿದೆ. ಕೆಲವರು ಮುಖ ತಿರುಗಿಸಿದ್ದಾರೆ, ಕೆಲವರು ಚಿಕ್ಕ ಮಗನ ಹೆಸರು ಹೇಳಿ ಹಿರಿಯವನ ಕೈ ಹಿಡಿದಿದ್ದಾರೆ. ಏನೇ ಹೇಳಲಿ, ಆಮೇಲೆ ಚಿಕ್ಕಮಾವಂದಿರು ಕೇಳಿದಾಗ ಅತ್ತೆಯವರೇ ಉತ್ತರ ಕೊಡುತ್ತಾರೆ.