ಸಹಾಯ ಬೇಕು: ಎಂಪ್ರೆಸ್ ಕ್ಯಾನಿಯನ್‌ಗೆ ಹೋಗಿಬಂದವರು ಇದ್ದೀರಾ?

ಸಿಡ್ನಿ ಕನ್ನಡಿಗರೇ, ಬ್ಲೂ ಮೌಂಟನ್ಸ್‌ನ ಎಂಪ್ರೆಸ್ ಕ್ಯಾನಿಯನ್‌ನಲ್ಲಿ (ನೀರಿಗೆ ಹಾರಿ, ಈಜಿ, ಹಗ್ಗ ಹಿಡಿದು ಇಳಿಯುವ ಕಿರಿದಾದ ಬಂಡೆಗಳ ಕಣಿವೆ) ಗೈಡ್ ಜೊತೆ ಇಳಿದವರು ಯಾರಾದರೂ ಇದ್ದೀರಾ? ಮುಂದಿನ ಶನಿವಾರ ನಾನು, ನನ್ನ ತಮ್ಮ ಹೋಗುತ್ತಿದ್ದೇವೆ. ವೆಟ್‌ಸೂಟ್ (ನೀರಲ್ಲಿ ಮೈ ಬೆಚ್ಚಗಿಡುವ ರಬ್ಬರಿನಂಥ ಉಡುಪು), ಹೆಲ್ಮೆಟ್, ಹಾರ್ನೆಸ್ (ಹಗ್ಗಕ್ಕೆ ಸಿಕ್ಕಿಸುವ ಸೊಂಟದ ಪಟ್ಟಿ) ಗೈಡ್ ಕಡೆಯವರೇ ಕೊಡುತ್ತಾರೆ. ಹಳೇ ಶೂ, ಟವೆಲ್ ನಮ್ಮದು.

ನಾನು ಈಜು ಕಲಿತದ್ದು ಊರಿನ ಬಾವಿಯಲ್ಲಿ, ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು. ಹಾಗಾಗಿ ನೀರಿಗೆ ಹಾರೋದು ಭಯವಿಲ್ಲ. ಭಯ ಇರೋದು ಚಳಿಗೆ. ಬಿಸಿಲು ಬೀಳದ ಕಣಿವೆ ಅಲ್ವಾ, ಬೇಸಿಗೆಯಲ್ಲೂ ನೀರು ಕೊರೆಯುತ್ತದೆ. ಸುಮ್ನೆ ನೋಡೋಣ ಅಂತ ನಿನ್ನೆ ಐಸ್ ಹಾಕಿದ ಬಕೆಟ್‌ನಲ್ಲಿ ಕೈ ಇಟ್ಟೆ. ಎರಡೇ ನಿಮಿಷಕ್ಕೆ ಬೆರಳು ಮರಗಟ್ಟಿ ಅಂಗಿ ಗುಂಡಿ ಹಾಕಲೂ ಆಗಲಿಲ್ಲ! ಕೊನೆಯಲ್ಲಿ ಸುಮಾರು 30 ಮೀಟರ್ ಜಲಪಾತದ ಪಕ್ಕ ಹಗ್ಗ ಹಿಡಿದು ಇಳಿಯಬೇಕು. ಈ ಬೆರಳಲ್ಲಿ ಹೇಗೆ? ಗ್ಲೌಸ್ ಹಾಕಿದರೆ ಹಗ್ಗದ ಹಿಡಿತ ಸಿಗುತ್ತದಾ?

ವೆಟ್‌ಸೂಟ್ ಒಳಗೆ ಕಾಟನ್ ಬೇಡ, ನೀರು ಕುಡಿದು ಇನ್ನೂ ಜಾಸ್ತಿ ಚಳಿಯಾಗುತ್ತದೆ ಅಂತ ಗೊತ್ತು. ಥರ್ಮಲ್ ಸಾಕಾ?

ಇನ್ನೊಂದು, ನನ್ನದು ಮೈನಸ್ ಐದು ಕನ್ನಡಕ. ದಾರ ಕಟ್ಟಿದರೆ ನಿಲ್ಲುತ್ತದಾ, ಇಲ್ಲ ಕಾಂಟ್ಯಾಕ್ಟ್ ಲೆನ್ಸ್ ಹಾಕಲಾ? ತಮ್ಮ ಹೇಳುತ್ತಾನೆ, "ಕಾಣದಿದ್ದರೇ ಒಳ್ಳೇದು, ಹೆದರಿಕೆ ಆಗಲ್ಲ" ಅಂತ. ಅವನ ಮಾತು ಬಿಡಿ. ನೀವು ಏನು ಮಾಡಿದಿರಿ, ಹೇಳಿ.