ಮಧ್ಯಾಹ್ನ ಆದ್ರೆ ಸರ್ವರ್ ಮಲಗುತ್ತೆ: ಮೊದಲು ಏನು ನೋಡಬೇಕು? ಅನುಭವ ಇದ್ದೋರು ಹೇಳಿ

ಬಳ್ಳಾರಿ ಕೋಟೆ: ನಮ್ಮದು ಸ್ವಯಂಸೇವಕರೇ ನಡೆಸೋ ಓಪನ್ ಸೋರ್ಸ್ ಅನುವಾದ ಯೋಜನೆ. ವೆಬ್ಲೇಟ್ (ಅನುವಾದ ಮಾಡೋ ವೆಬ್ ತಂತ್ರಾಂಶ), ಗಿಟ್ (ಕಡತಗಳ ಬದಲಾವಣೆ ಇತಿಹಾಸ ಇಡೋದು) ಎರಡೂ ಒಂದೇ ಹಳೇ ಟವರ್ ಸರ್ವರ್ ಮೇಲೆ. ಡೆಬಿಯನ್ ಲಿನಕ್ಸ್, 16 ಜಿಬಿ ರ‍್ಯಾಮ್, ಎರಡು ಡಿಸ್ಕು ರೇಡ್ 1 (ಎರಡರಲ್ಲೂ ಒಂದೇ ನಕಲು). ಬಿಸಿಲೇರಿದ ಮೇಲೆ ಹ್ಯಾಂಗ್. ಬಟನ್ ಒತ್ತಿ ಎಬ್ಬಿಸಿದ್ರೆ ಸರಿ. ಲಾಗಿನಲ್ಲಿ ಏನೂ ಇಲ್ಲ. ಹೊಸದಕ್ಕೆ ಚಂದಾ ಎತ್ತಬೇಕಾ?

ಶಕ್ತಿನಗರ: ಕರೆಂಟ್ ನೋಡ್ರಿ ಮೊದ್ಲು. ಪವರ್ ಸಪ್ಲೈನ ಹಳದಿ ವೈರಿಗೆ ಮೀಟರಿನ ಕೆಂಪು ಮೊನೆ, ಕಪ್ಪಿಗೆ ಕಪ್ಪು, ಅದೂ ಲೋಡ್ ಇದ್ದಾಗ. 11.4 ವೋಲ್ಟಿಗಿಂತ ಕೆಳಗ ಬಂದ್ರ ಸಪ್ಲೈ ಹೋಗ್ಯದ ಅಂತ. ನಮ್ಮ ಮಿರರ್ (ನಕಲು ಸರ್ವರ್) ಖಾಲಿ ಇದ್ದಾಗ 12.0 ತೋರಸ್ತಿತ್ತು, ಆರ್‌ಸಿಂಕ್ (ಫೈಲ್ ನಕಲು) ಶುರುವಾದ್ರ 11.2. ಬಿಚ್ಚಿದ್ರ ಕೆಪಾಸಿಟರ್ ತಲೆ ಉಬ್ಬಿತ್ತು. ಸಪ್ಲೈಗೆ 3,800 ರೂಪಾಯಿ. ಆನ್‌ಲೈನ್ ಯುಪಿಎಸ್ ಬ್ಯಾಟರಿಗೆ ಮತ್ತ ದಂಡ: ಸೀಲ್ಡ್ ಬ್ಯಾಟರಿ ಆಯುಷ್ಯ 25 ಡಿಗ್ರಿಗೆ ಲೆಕ್ಕ ಹಾಕಿರ್ತಾರ, 10 ಡಿಗ್ರಿ ಏರಿದ್ರ ಹೆಚ್ಚೂಕಡಿಮೆ ಅರ್ಧ. ರಾಯಚೂರಿನ ಮೇ ತಿಂಗಳಾಗ ಅದರ ಗತಿ ಏನ್ ಕೇಳ್ತೀರಿ.

ಗಿಣಿಗೇರಾ: ಎಲ್ಲಾ ಕರೆಂಟಿನ ತಲಿಗೆ ಕಟ್ಟಬ್ಯಾಡ್ರಿ. ಲಾಗ್ ಖಾಲಿ ಅಂದ್ರ ರೂಟ್ ಡಿಸ್ಕೇ (ಸಿಸ್ಟಮ್ ಇರೋ ಡಿಸ್ಕ್) ಕೈ ಕೊಟ್ಟಿರಬಹುದು, ಬರಿಯೋದು ಎಲ್ಲಿ? ಡೆಸ್ಕ್‌ಟಾಪ್ ಡಿಸ್ಕ್ ಕೆಟ್ಟ ಸೆಕ್ಟರ್ ಸಿಕ್ರ ಎರಡು ನಿಮಿಷದ ತನಕ ಹೆಣಗತೈತಿ. ಕರ್ನಲ್ (ಲಿನಕ್ಸಿನ ತಿರುಳು) 30 ಸೆಕೆಂಡಿಗೇ ಲಿಂಕ್ ರೀಸೆಟ್ ಮಾಡಿ, ಡಿಸ್ಕನ್ನ ರೇಡಿನಿಂದ ಹೊರಗ ಹಾಕತೈತಿ. ಸ್ಮಾರ್ಟ್‌ಸಿಟಿಎಲ್‌ನಲ್ಲಿ (ಡಿಸ್ಕ್ ಆರೋಗ್ಯ ನೋಡೋ ಕಮಾಂಡ್) ಎಸ್‌ಸಿಟಿಇಆರ್‌ಸಿ (ಡಿಸ್ಕ್ ಹೆಣಗೋ ಹೊತ್ತಿನ ಮಿತಿ) 70,70 ಕೊಟ್ರ 7 ಸೆಕೆಂಡಿಗೆ ಡಿಸ್ಕೇ ಸೋಲು ಒಪ್ಪತೈತಿ. ಡಿಸ್ಕಿಗೆ ಆ ಸೌಲಭ್ಯ ಇಲ್ಲಂದ್ರ ಕರ್ನಲ್ ಟೈಮ್‌ಔಟನ್ನೇ 180 ಮಾಡ್ರಿ. ಆಫ್ ಆಗಿ ಆನ್ ಆದ್ರ ಎರಡೂ ಅಳಿಸಿಹೋಗತಾವು, ಬೂಟಿನಾಗ ತಾನೇ ಹಾಕೋ ಯುಡೆವ್ ರೂಲಿನ್ಯಾಗ ಬರೀರಿ. ಸ್ಮಾರ್ಟ್ ಪಟ್ಟಿಯ 197 (ಓದಲಾಗದ ಸೆಕ್ಟರ್ ಎಣಿಕೆ) ಏರಿದ್ರ ಡಿಸ್ಕ್ ಬದಲಿಸ್ರಿ. 199 (ಡೇಟಾ ಸಾಗಾಟದ ತಪ್ಪಿನ ಎಣಿಕೆ) ಒಂದೇ ಏರಿದ್ರ ಸಾಟಾ ಕೇಬಲ್ (ಡಿಸ್ಕಿನ ಡೇಟಾ ವೈರ್).

ಶಕ್ತಿನಗರ: ವೋಲ್ಟೇಜ್ ಕುಣಿದ್ರನೂ 199 ಏರ್ತದ. ಅದನ್ನ ಯಾಕ ಹೇಳಲಿಲ್ಲ?

ಗಿಣಿಗೇರಾ: ಏರತೈತಿ. 150 ರೂಪಾಯಿ ಕೇಬಲ್ ಮೊದಲೋ ನಿಮ್ಮ ಯುಪಿಎಸ್ ಮೊದಲೋ? 199 ಸೊನ್ನೆಗೆ ಇಳಿಯೋ ಅಂಕಿ ಅಲ್ಲ, ಇವತ್ತಿಂದು ಬರೆದಿಟ್ಟು ವಾರದ ಮ್ಯಾಲೆ ತಾಳೆ ನೋಡ್ರಿ.

ತೋರಣಗಲ್ಲು: ಇಬ್ರೂ ಬಿಸಿಲು ಅಂದಿದ್ದನ್ನ ಓದೇ ಇಲ್ಲ. ಅದಿರಿನ ಧೂಳು ಪ್ರೊಸೆಸರ್ ತಂಪಾಗಿಡೋ ಹೀಟ್‌ಸಿಂಕ್ ರೆಕ್ಕೆ ನಡುವೆ ಕೆಂಪು ಗೋಡೆ ಥರ ಕೂತಿರುತ್ತೆ, ಫ್ಯಾನ್ ತಿರುಗಿದ್ರೂ ಗಾಳಿ ದಾಟಲ್ಲ. ಬ್ಲೋಯರ್ ಹಿಡಿಯುವಾಗ ಫ್ಯಾನನ್ನ ಬೆರಳಲ್ಲಿ ಒತ್ತಿಡಿ, ಇಲ್ಲಾಂದ್ರೆ ಬೇರಿಂಗ್ ಹೋಗುತ್ತೆ. ಆದ್ರೆ ಒಂದು ಮಾತು: ಪ್ರೊಸೆಸರ್ ತೀರಾ ಕಾದ್ರೆ ಮೊದಲು ನಿಧಾನ ಆಗುತ್ತೆ, ಆಮೇಲೆ ತಾನೇ ಆಫ್ ಆಗುತ್ತೆ. ಆನ್ ಇದ್ದೇ ಹ್ಯಾಂಗ್ ಅಂದ್ರೆ ಬೇರೆ ಕಡೆ ಹುಡುಕಿ.

ಗಂಗಾವತಿ: ಹ್ಯಾಂಗ್ ಅಂದ್ರ ಯಾವ ಹ್ಯಾಂಗ್? ಪಿಂಗ್ (ನೆಟ್‌ವರ್ಕಿನ ಕರೆಗೆ ಓಗೊಡೋದು) ಬರತೈತಾ? ಅದನ್ನ ಯಾರೂ ಕೇಳಲಿಲ್ಲ! ಗಿಟ್‌ನ ವೆಬ್ ಪುಟ ತೆರೆದಿಟ್ಟಿದ್ರ ಎಐ ಬಾಟುಗಳು ಒಂದೊಂದು ಡಿಫ್ (ಏನ್ ಬದಲಾತು), ಒಂದೊಂದು ಬ್ಲೇಮ್ (ಯಾರು ಬರೆದ್ರು) ಕೊಂಡಿ ತುಳಿತಾವು. ರ‍್ಯಾಮ್ ತುಂಬಿ ಸ್ವಾಪ್ (ಡಿಸ್ಕನ್ನೇ ಮೆಮೊರಿ ಮಾಡ್ಕೊಳ್ಳೋದು) ಶುರು. ಲಿನಕ್ಸ್ ಡೆಸ್ಕ್‌ಟಾಪ್ ಮಾಡೋ ಗ್ನೋಮ್‌ನೋರೇ 2025ರಲ್ಲಿ ತಮ್ಮ ಗಿಟ್‌ಲ್ಯಾಬ್ (ಗಿಟ್‌ನ ವೆಬ್ ತಾಣ) ಮುಂದ ಅನುಬಿಸ್ (ಬಾಟ್ ತಡೆಯೋ ತಂತ್ರಾಂಶ) ಕೂಡಿಸಿದ್ರು. ವೆಬ್ ಸರ್ವರ್ ಎನ್‌ಜಿನ್ಎಕ್ಸ್‌ನ ಆಕ್ಸೆಸ್ ಲಾಗಿನ್ಯಾಗ ಹ್ಯಾಂಗಿನ ಹಿಂದಿನ ಹತ್ತು ನಿಮಿಷ ನೋಡ್ರಿ. ವೆಬ್ಲೇಟಿನ ಹಿನ್ನೆಲೆ ಕೆಲಸ ಮಾಡೋ ಸೆಲರಿ ಸರ್ವಿಸಿಗೆ ಸಿಸ್ಟಮ್‌ಡಿಯಲ್ಲಿ (ಸರ್ವಿಸ್ ನಡೆಸೋ ವ್ಯವಸ್ಥೆ) ಮೆಮೊರಿಮ್ಯಾಕ್ಸ್ (ಮೆಮೊರಿ ಮಿತಿ) 6 ಜಿಬಿ ಹಾಕ್ರಿ, ಸತ್ರ ಅದೊಂದೇ ಸಾಯಲಿ.

ಶಕ್ತಿನಗರ: ಬಿಸಿಲಿಗೂ ಬಾಟಿಗೂ ಏನ್ ಸಂಬಂಧರೀ?

ಬಳ್ಳಾರಿ ಕೋಟೆ: ಪಿಂಗ್ ಬರುತ್ತೆ, ಎಸ್‌ಎಸ್‌ಎಚ್ (ದೂರದಿಂದ ಲಾಗಿನ್) ಬರಲ್ಲ. ರೂಟ್ ಪಾಸ್‌ವರ್ಡ್ ಇರೋರು ಹೊಸಪೇಟೇಲಿ ಇದ್ದಾರೆ. ನಿಗಾ ಇಡೋ ಮೇಲ್ ಕೂಡ ಅದೇ ಸರ್ವರಿಂದ ಬರಬೇಕು.

ತೋರಣಗಲ್ಲು: ಸತ್ತೋನೇ ಸಾವಿನ ಸುದ್ದಿ ಕಳಿಸಬೇಕಾ! ನಿಗಾ ಬೇರೆ ಮಷೀನಿನಲ್ಲಿಡಿ, ಲಾಗಿನ್ ಕೀ ಮೂರು ಜನರ ಹತ್ರ ಇರಲಿ. ಹೊಸಪೇಟೆ 2021ರಿಂದ ವಿಜಯನಗರ ಜಿಲ್ಲೆ, ಬಟನ್ ಒತ್ತೋಕೆ ಜಿಲ್ಲೆ ದಾಟಿ ಬರ್ತಾರಾ?

ಗಿಣಿಗೇರಾ: ಡಿಸ್ಕ್ ಬಿದ್ರೂ ಪಿಂಗ್ ಬರತೈತಿ, ಉತ್ತರ ಕೊಡೋದು ಕರ್ನಲ್. ಗಂಗಾವತಿಯವ್ರು ಗೆದ್ದೆ ಅನ್ಕೋಬ್ಯಾಡ್ರಿ.

ಗಂಗಾವತಿ: ಹಂಗಾದ್ರ ಅಳೆದೇ ನೋಡೋಣ. ಹನ್ನೊಂದಕ್ಕೇ ಲ್ಯಾಪ್‌ಟಾಪಿಂದ ಎಸ್‌ಎಸ್‌ಎಚ್ ತೆಗೆದು ವಿಎಂಸ್ಟ್ಯಾಟ್ 5 (5 ಸೆಕೆಂಡಿಗೊಮ್ಮೆ ಮೆಮೊರಿ, ಡಿಸ್ಕ್ ಲೆಕ್ಕ) ಓಡಿಸಿ ಬಿಡ್ರಿ. ನಿಂತಾಗ ಕೊನೇ ಸಾಲುಗಳು ಲ್ಯಾಪ್‌ಟಾಪಿನ ಪರದೆ ಮ್ಯಾಲೆ ಉಳಿತಾವು. ಎಸ್‌ಐ, ಎಸ್‌ಒ (ಸ್ವಾಪ್ ಒಳಗ, ಹೊರಗ) ಕಾಲಮ್ಮಿನ್ಯಾಗ ಸಾವಿರಗಟ್ಟಲೆ ಇದ್ರ ಮೆಮೊರಿ. ಅವು ಸೊನ್ನೆ ಇದ್ದು ಬಿ ಕಾಲಮ್ (ಸಿಕ್ಕಿಬಿದ್ದ ಕೆಲಸ), ಡಬ್ಲ್ಯೂಎ (ಡಿಸ್ಕಿಗೆ ಕಾಯೋದು) ಏರಿದ್ರ ಡಿಸ್ಕು.

ಶಕ್ತಿನಗರ: ಅದೇ ಹೊತ್ತಿಗೆ ಹಳದಿ ವೈರಿಗೆ ಮೀಟರೂ ಹಚ್ಚಿಡ್ರಿ. ಆಮ್ಯಾಲೆ ಮಾತಾಡೂಣು.