ಹಳೇ ಟ್ರೇಲರ್, ಮನೆಮಂದಿಯೆಲ್ಲ ಸೇರಿ ರಿಪೇರಿ: ಮೊದಲು ಎಲ್ಲಿ ಕೈ ಹಾಕೋದು?

ಚಕ್ರದ_ಮನೆ:

ಎಲ್ಲರಿಗೂ ನಮಸ್ಕಾರ. ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ, ಒಳಗೇ ಮಲಗಿ ಅಡುಗೆ ಮಾಡಿಕೊಳ್ಳಬಹುದಾದ ಹದಿನಾರು ಅಡಿಯ ಹಳೇ ಟ್ರೇಲರ್ ಒಂದು ನಮ್ಮ ಮನೆಗೆ ಬಂದಿದೆ. 1960ರ ದಶಕದ್ದು. ಹೊರಗೆ ಅಲ್ಯುಮಿನಿಯಂ ತಗಡು, ಒಳಗೆಲ್ಲ ಪ್ಲೈವುಡ್. ಎಷ್ಟೋ ವರ್ಷ ಮರದ ಕೆಳಗೆ ಸುಮ್ನೆ ನಿಂತಿತ್ತು. ಬಾಗಿಲು ತೆಗೆದರೆ ಮುಗ್ಗಲು ವಾಸನೆ.

ಕೆಲಸಕ್ಕೆ ನಾವು ಐದು ಜನ. ನಾನು, ನಮ್ಮ ಯಜಮಾನರು, ಮಾವ, 13 ವರ್ಷದ ಮಗಳು, 8 ವರ್ಷದ ಮಗ. ಮಾವ ಜೀವನವಿಡೀ ಬಡಗಿ ಕೆಲಸ ಮಾಡಿದವರು. ಮಕ್ಕಳು ಆಗಲೇ ಒಳಗಿನ ಬಣ್ಣ ಆರಿಸಿಟ್ಟಿದ್ದಾರೆ.

ಮೊನ್ನೆ ಹಿಂದಿನ ಕಿಟಕಿಯ ಕೆಳಗೆ, ಎಡ ಮೂಲೆಯಲ್ಲಿ ಹೆಬ್ಬೆರಳಿಟ್ಟು ಒತ್ತಿದೆ. ನೆನೆದ ರಟ್ಟಿನ ಹಾಗೆ ಒಳಗೆ ಹೋಯಿತು. ಮಾವ ಸ್ಕ್ರೂಡ್ರೈವರ್ ಚುಚ್ಚಿ ನೋಡಿ, "ಮರ ಲಡ್ಡಾಗಿದೆ ಕಣಮ್ಮ, ಒಳಗಿರೋದನ್ನೆಲ್ಲ ಕಿತ್ತು ಹಾಕಬೇಕು" ಅಂದರು. ಯಜಮಾನರು ಒಪ್ಪಲಿಲ್ಲ. ಅಷ್ಟು ಜಾಗಕ್ಕೆ ಹೊಸ ಪ್ಲೈವುಡ್ ಹೊಡೆದು ಬಣ್ಣ ಶುರು ಮಾಡೋಣ, ಇಲ್ಲದಿದ್ದರೆ ಮಕ್ಕಳ ಹುಮ್ಮಸ್ಸು ಇಳಿದುಹೋಗುತ್ತೆ ಅನ್ನೋದು ಅವರ ಮಾತು. ಇಬ್ಬರ ಮಾತಿನಲ್ಲೂ ನ್ಯಾಯ ಇದೆ ಅನ್ನಿಸುತ್ತೆ. ಯಾವುದು ಸರಿ? ಮಕ್ಕಳಿಗೆ ನಿಜವಾದ ಕೆಲಸ ಏನು ಕೊಡಬಹುದು?

ಹಳೇ_ರಿವೆಟ್:

ಅಕ್ಕ, ನಿಮ್ಮ ಪೋಸ್ಟ್ ಓದಿ ತಕ್ಷಣ ಬರೆಯೋಣ ಅನ್ನಿಸಿತು. ಅಪ್ಪ ಮತ್ತು ಮಗಳ ಜೊತೆ ಇಂಥದ್ದೇ ಒಂದನ್ನು ನಾಲ್ಕು ಬೇಸಿಗೆ ಕೂತು ಸರಿ ಮಾಡಿದೆ. ಮೊದಲ ವರ್ಷ ನಾವೂ ಒಳಗಿನಿಂದಲೇ ಶುರು ಮಾಡಿದೆವು. ಹೊಸ ಪ್ಲೈವುಡ್, ಎರಡು ಕೋಟ್ ಬಣ್ಣ, ನೋಡೋಕೆ ಚೆನ್ನಾಗಿತ್ತು. ಒಂದು ಜೋರು ಮಳೆ ಬಂತು. ಬೆಳಗ್ಗೆ ಹೋಗಿ ನೋಡಿದರೆ ಬಿಳಿ ಗೋಡೆಯ ಮೇಲೆ ಕಂದು ಬಣ್ಣದ ಕಲೆ ಇಳಿದಿತ್ತು. ಮಗಳು ಅದನ್ನು ಬೆರಳಿಂದ ಉಜ್ಜಿ ಉಜ್ಜಿ ನೋಡಿದಳು. ಅದಿನ್ನೂ ನನ್ನ ಕಣ್ಣ ಮುಂದೆ ಇದೆ. ಅದಕ್ಕೇ ಹೇಳೋದು, ನೀರು ನಿಲ್ಲುವವರೆಗೂ ಬಣ್ಣದ ಡಬ್ಬಿ ತೆಗೆಯಬೇಡಿ.

ಲಡ್ಡಾದ ಜಾಗದಲ್ಲೇ ನೀರು ಒಳಗೆ ಬರುತ್ತಿದೆ ಅಂದುಕೊಳ್ಳಬೇಡಿ. ಚಾವಣಿಯ ಯಾವುದೋ ಜೋಡಣೆಯಲ್ಲಿ ನುಗ್ಗಿ, ರೀಪಿನ ಮೇಲೇ ಹರಿದು, ಎಲ್ಲೋ ಕೆಳಗಿನ ಮೂಲೆಯಲ್ಲಿ ಕೂತಿರುತ್ತೆ. ಪತ್ತೆ ಹಚ್ಚೋಕೆ ಇಬ್ಬರು ಬೇಕು. ಒಬ್ಬರು ಟಾರ್ಚ್ ಹಿಡಿದು ಒಳಗೆ, ಇನ್ನೊಬ್ಬರು ನೀರಿನ ಪೈಪು ಹಿಡಿದು ಹೊರಗೆ. ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಿ. ಮೇಲಿನಿಂದ ಬಿಟ್ಟರೆ ನೀರು ಎಲ್ಲದರ ಮೇಲೂ ಇಳಿದು, ಯಾವ ಸಂದಿಯದ್ದು ಅಂತ ತಿಳಿಯೋದಿಲ್ಲ. ಒಂದೊಂದು ಜಾಗಕ್ಕೂ ಹತ್ತು ನಿಮಿಷ ಕೊಡಿ. ಟಾರ್ಚ್ ಹಿಡಿಯುವ ಕೆಲಸ ನಿಮ್ಮ ಮಗನಿಗಿರಲಿ. ಸಣ್ಣ ಜಾಗದಲ್ಲಿ ನುಸುಳೋಕೆ ಎಂಟು ವರ್ಷದವರಷ್ಟು ಚುರುಕು ಬೇರೆ ಯಾರಿಗಿದೆ?

ಇನ್ನು ಮಾವ ಮತ್ತು ಯಜಮಾನರ ವಿಷಯ. ಆ ಕಾಲದ ಮರದ ಚೌಕಟ್ಟಿನ ಟ್ರೇಲರ್‌ಗಳನ್ನು ಹೆಚ್ಚಾಗಿ ಒಳಗಿನಿಂದ ಹೊರಕ್ಕೆ ಕಟ್ಟುತ್ತಿದ್ದರು. ಚಾಸಿ, ಅಂದರೆ ಅಡಿಯ ಕಬ್ಬಿಣದ ಚೌಕಟ್ಟಿನ ಮೇಲೆ ನೆಲ, ಆಮೇಲೆ ಒಳಗೋಡೆ, ಕಪಾಟು, ಚೌಕಟ್ಟು. ತಗಡು ಕೊನೆಗೆ. ಹಾಗಾಗಿ ಚೌಕಟ್ಟು ಸರಿ ಮಾಡೋಕೆ ಒಳಗಿರೋದನ್ನೆಲ್ಲ ಕೀಳಬೇಕಿಲ್ಲ. ಹೊರಗಿನ ಮೂಲೆಪಟ್ಟಿ ಬಿಚ್ಚಿ, ಆ ಭಾಗದ ತಗಡನ್ನು ಮಾತ್ರ ಎಬ್ಬಿಸಿ. ಒಳಗಿನ ಕಪಾಟು ಅಲುಗಾಡೋದೂ ಇಲ್ಲ. ಲಡ್ಡಾದ ಮರದ ಮೇಲೆ ಹೊಸ ಪ್ಲೈವುಡ್ ಹೊಡೆಯೋದಂತೂ ಬೇಡ, ಮೊಳೆ ಕಚ್ಚೋಕೆ ಒಳಗೆ ಏನೂ ಇರೋದಿಲ್ಲ.

ಮರಗಳನ್ನು ಒಂದೊಂದಾಗಿ ಬದಲಿಸಿ. ಎಲ್ಲ ಒಟ್ಟಿಗೆ ತೆಗೆದರೆ ಟ್ರೇಲರ್ ತನ್ನ ಆಕಾರ ಮರೆತುಬಿಡುತ್ತೆ. ಎಷ್ಟೇ ಹಾಳಾಗಿದ್ದರೂ ಹಳೇ ತುಂಡನ್ನು ಎಸೆಯುವ ಮೊದಲು ರಟ್ಟಿನ ಮೇಲಿಟ್ಟು ಗೆರೆ ಎಳೆದುಕೊಳ್ಳಿ. ಆ ಬಾಗು ಅಳತೆಪಟ್ಟಿಗೆ ಸಿಗೋದಿಲ್ಲ. ಇದು ನಿಮ್ಮ ಮಗಳ ಕೆಲಸ ಆಗಬಹುದು. ಪ್ರತಿ ಪಟ್ಟಿಯ ಸ್ಕ್ರೂ ಬೇರೆ ಬೇರೆ ಚೀಲಕ್ಕೆ ಹಾಕಿ, ಹೆಸರು ಬರೆದು, ಫೋಟೋ ತೆಗೆದಿಡೋದೂ ಅವಳಿಗೇ ಇರಲಿ.

ಪಟ್ಟಿ ವಾಪಸ್ ಕೂರಿಸುವಾಗ ಅದರ ಕೆಳಗೆ ಬ್ಯೂಟೈಲ್ ಟೇಪ್ ಹಾಕಿ, ನೀರು ತಡೆಯುವ ಮೆತ್ತಗಿನ ರಬ್ಬರ್ ಅಂಟುಪಟ್ಟಿ ಅದು. ಸಂದಿ ಮುಚ್ಚುವ ಸಿಲಿಕೋನ್ ಅಂಟು ಬೇಡವೇ ಬೇಡ. ಹಳೇ ಸಿಲಿಕೋನ್ ಮೇಲೆ ಹೊಸದು ಸರಿಯಾಗಿ ಹಿಡಿಯೋದಿಲ್ಲ, ಬಣ್ಣವೂ ನಿಲ್ಲೋದಿಲ್ಲ. ಮುಂದೊಂದು ದಿನ ಕೆರೆದು ತೆಗೆಯುವವರ ಕೈ ಸೋತುಹೋಗುತ್ತೆ.

ಗ್ರೀಸ್_ಕೈ:

ಮೇಲಿನವರು ಹೇಳಿದ್ದು ಸರಿ. ಅದರ ಜೊತೆಗೆ ಚಾಸಿ ಕೆಳಗೂ ಒಮ್ಮೆ ಮಲಗಿ ನೋಡಿ. ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತೆ, ತುಕ್ಕು ತಿಂದಿದ್ದು ಮಂಕಾಗಿ ಸದ್ದು ಮಾಡುತ್ತೆ. ಟೈರ್ ಗೆರೆ ಸವೆದಿಲ್ಲ ಅಂತ ನಂಬಬೇಡಿ. ಪಕ್ಕದಲ್ಲಿ ಅಚ್ಚು ಹಾಕಿರುವ ಕೊನೆಯ ನಾಲ್ಕು ಅಂಕಿ ಓದಿ. 2314 ಅಂತಿದ್ದರೆ 2014ರ 23ನೇ ವಾರದ್ದು. ಅಷ್ಟು ಹಳೇ ಟೈರ್ ಹಾಕಿಕೊಂಡು ರಸ್ತೆಗೆ ಇಳಿಯಬೇಡಿ. ಚಕ್ರದ ಬೇರಿಂಗ್ ಬಿಚ್ಚಿ, ತೊಳೆದು, ಹೊಸ ಗ್ರೀಸ್ ತುಂಬಿ.

ಮಕ್ಕಳಿರೋದರಿಂದ ಇನ್ನೆರಡು ಮಾತು. ಆ ಕಾಲದ ಬಣ್ಣದಲ್ಲಿ ಸೀಸ ಇರಬಹುದು. ಪರೀಕ್ಷೆ ಮಾಡದೆ ಒಣ ಬಣ್ಣ ಉಜ್ಜಬೇಡಿ, ಆ ಧೂಳು ಮಕ್ಕಳಿಗೆ ಜಾಸ್ತಿ ಕೆಟ್ಟದ್ದು. ಇಲಿ ಹಿಕ್ಕೆ ಕಂಡರೆ ಗುಡಿಸಲೂಬಾರದು. ಬ್ಲೀಚ್ ಬೆರೆಸಿದ ನೀರಿನಿಂದ ಚೆನ್ನಾಗಿ ನೆನೆಸಿ, ಸ್ವಲ್ಪ ಹೊತ್ತು ಬಿಟ್ಟು, ಗ್ಲೌಸ್ ಹಾಕಿಕೊಂಡು ಒರೆಸಿ ತೆಗೆಯಿರಿ. ಇದು ದೊಡ್ಡವರ ಕೆಲಸ. ಗ್ಯಾಸ್ ಒಲೆಯ ಹಳೇ ಪೈಪನ್ನು ತಿಳಿದವರಿಂದಲೇ ನೋಡಿಸಿ. ಒಲೆಗೆ ಬಳಸುವ ಪ್ರೊಪೇನ್ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಹತ್ತಿರ ತುಂಬಿಕೊಳ್ಳುತ್ತೆ. ನೀವು ಮಲಗೋದೂ ಅಲ್ಲೇ ಅಲ್ವಾ?

ಚಕ್ರದ_ಮನೆ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಈ ಭಾನುವಾರ ಪೈಪು ಹಿಡಿದೆವು. ಕಿಟಕಿಯಲ್ಲಿ ಒಂದು ಹನಿಯೂ ಬರಲಿಲ್ಲ. ಮೇಲೆ, ಹಿಂಭಾಗದ ತುದಿಯಲ್ಲಿ ಒಂದು ಪುಟ್ಟ ಕೆಂಪು ದೀಪ ಇದೆ. ಅದರ ಮೇಲೆ ನೀರು ಬಿಟ್ಟು ನಾಲ್ಕು ನಿಮಿಷ ಆಗಿರಬೇಕು, ಒಳಗಿನಿಂದ ಮಗ "ಬಂತು, ಬಂತು!" ಅಂತ ಕೂಗಿದ. ದೀಪ ಬಿಚ್ಚಿದರೆ ವೈರ್ ಹೋಗುವ ತೂತಿನ ಸುತ್ತ ಹಳೇ ಪುಟ್ಟಿ ಒಣಗಿ ಕಲ್ಲಾಗಿತ್ತು.

ಆ ಮೂಲೆಯ ತಗಡನ್ನು ಮಾವ ನಿಧಾನವಾಗಿ ಎಬ್ಬಿಸಿದರು. ಎರಡು ನಿಲುವು, ಒಂದು ಅಡ್ಡಪಟ್ಟಿ ಮಾತ್ರ ಹಾಳಾಗಿದೆ. ಪಕ್ಕದ ಗಟ್ಟಿ ಮರದ ಮೇಲೆ ಪೆನ್ಸಿಲ್‌ನಲ್ಲಿ ಬರೆದ ಅಳತೆ ಕಾಣಿಸಿತು, ಕಟ್ಟಿದವರು ಯಾರೋ ಬರೆದಿದ್ದು. ಮಾವ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಅದನ್ನೇ ನೋಡಿದರು. ಅದನ್ನು ಅಳಿಸಬಾರದು ಅಂತ ಮಗಳಿಗೆ ಹೇಳಿದ್ದಾರೆ. ಅವಳು ರಟ್ಟಿನ ಮೇಲೆ ಮೂರೂ ತುಂಡಿನ ಗೆರೆ ಎಳೆದಿಟ್ಟಿದ್ದಾಳೆ. ಯಜಮಾನರೂ ಬಣ್ಣದ ಮಾತು ಬಿಟ್ಟು ಬ್ಯೂಟೈಲ್ ಟೇಪ್ ತಂದಿದ್ದಾರೆ.

ಒಂದು ಪ್ರಶ್ನೆ. ಗೋಡೆಯೊಳಗೆ ಬಿಸಿಲು, ಚಳಿ ತಡೆಯೋಕೆ ತುಂಬಿದ ಹಳೇ ಗಾಜಿನ ಹತ್ತಿ (ಗ್ಲಾಸ್ ವೂಲ್) ಇದೆ, ಇಲಿ ಗೂಡು ಕಟ್ಟಿದೆ. ಅದರ ಬದಲು ಏನು ಹಾಕಲಿ?

ಹಳೇ_ರಿವೆಟ್:

ಆಹಾ, ದೀಪದ ತೂತು! ಮಗನಿಗೆ ಶಭಾಷ್ ಹೇಳಿ. ಹಳೇದನ್ನು ಮಾಸ್ಕ್ ಹಾಕಿಕೊಂಡು, ಗ್ರೀಸ್_ಕೈ ಹೇಳಿದ ಹಾಗೆ ನೆನೆಸಿ ತೆಗೆಯಿರಿ. ನಾನು ಗಟ್ಟಿ ಫೋಮ್ ಹಲಗೆಯನ್ನು ಚೌಕಟ್ಟಿನ ಸಂದಿಗೆ ಸರಿಯಾಗಿ ಕತ್ತರಿಸಿ ಕೂರಿಸಿದ್ದೆ. ನೀರು ಹೀರೋದು ಕಡಿಮೆ. ಅದಕ್ಕೆ ಮೊದಲು ವೈರುಗಳನ್ನು ಬೆರಳಾಡಿಸಿ ನೋಡಿ. ಇಲಿ ಗೂಡು ಇತ್ತು ಅಂದಮೇಲೆ ಕಡಿದಿರುತ್ತೆ. ಹೊಸ ವೈರ್ ಎಳೆಯೋದಿದ್ದರೆ ಈಗಲೇ ಎಳೆದುಬಿಡಿ, ತಗಡು ಮುಚ್ಚಿದ ಮೇಲೆ ಆ ಜಾಗಕ್ಕೆ ಕೈ ಹೋಗೋದಿಲ್ಲ.